ಶ್ವಾಸಕೋಶದ ಹೆಪ್ಪು ಮತ್ತು ಡ್ಯುಯಲ್ ಎನರ್ಜಿ ಸಿಟಿ: ಅಯೋಡಿನ್ ನಕ್ಷೆಯ ಲೆಕ್ಕ

ಮುಂಬಯಿಯ ಮಾಟುಂಗದಲ್ಲಿ ಭಾನುವಾರಗಳಂದು ಕೂಡಿ ಓದುವ ನಮ್ಮ ಕನ್ನಡದ ರೇಡಿಯಾಲಜಿ ಗೆಳೆಯರಿಗಾಗಿ ಈ ಟಿಪ್ಪಣಿ. ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು) ಶಂಕೆ ಬಂದಾಗ ವೆಲ್ಸ್ ಅಂಕ (ಲಕ್ಷಣಗಳಿಂದ ಸಾಧ್ಯತೆ ಅಳೆಯುವ ಅಂಕ), ಡಿ-ಡೈಮರ್ ರಕ್ತಪರೀಕ್ಷೆ, ಆಮೇಲೆ ಸಿಟಿ ಪಲ್ಮನರಿ ಆಂಜಿಯೋಗ್ರಫಿ (ಶ್ವಾಸಕೋಶದ ಧಮನಿಗಳ ಸಿಟಿ ಚಿತ್ರ) ಎಂಬ ಕ್ರಮವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚಿ ಕೊಡುವ, ಅಯೋಡಿನ್ ಇರುವ ದ್ರವ) ತುಂಬಿ ಬೆಳ್ಳಗಾದ ಧಮನಿಯೊಳಗೆ ಹೆಪ್ಪು ಕಪ್ಪಾಗಿ ಕಾಣುತ್ತದೆ. ದೊಡ್ಡ ಧಮನಿಗಳಲ್ಲಿ ಇದನ್ನು ಗುರುತಿಸುವುದು ಸುಲಭ. ಸಬ್‌ಸೆಗ್ಮೆಂಟಲ್ ಎಂಬ ತೀರಾ ಸಣ್ಣ ಕವಲುಗಳಲ್ಲಿ ಕಣ್ಣು ಸೋಲುತ್ತದೆ. ಎರಡು ಬೇರೆ ಶಕ್ತಿಯ ಎಕ್ಸ್‌-ರೇಗಳಿಂದ ಚಿತ್ರ ತೆಗೆಯುವ ಡ್ಯುಯಲ್ ಎನರ್ಜಿ ಸಿಟಿಯ ಬೆಲೆ ತಿಳಿಯುವುದು ಅಲ್ಲಿಯೇ, ಏಕೆಂದರೆ ಅದು ರಕ್ತನಾಳದ ಚಿತ್ರದೊಂದಿಗೆ, ಶ್ವಾಸಕೋಶದ ಯಾವ ಭಾಗಕ್ಕೆ ಕಾಂಟ್ರಾಸ್ಟ್ ತಲುಪಿದೆ ಎಂಬ ಅಯೋಡಿನ್ ನಕ್ಷೆಯನ್ನೂ ಒಂದೇ ಸ್ಕ್ಯಾನಿನಿಂದ ಕೊಡುತ್ತದೆ.

ನನಗೆ ಗಂಟು ಬಿದ್ದದ್ದು ಭೌತಶಾಸ್ತ್ರದಲ್ಲಿ. ಅಯೋಡಿನ್‌ನ ಕೆ-ಎಡ್ಜ್, ಅಂದರೆ ಅದು ಎಕ್ಸ್‌-ರೇ ಹೀರುವುದು ಒಮ್ಮೆಲೇ ಜಿಗಿಯುವ ಶಕ್ತಿಮಟ್ಟ, 33.2 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್); ಎಕ್ಸ್‌-ರೇ ಟ್ಯೂಬ್ ನಡೆಯುವುದು 80 ಮತ್ತು 140 ಕೆವಿಯಲ್ಲಿ (ಕಿಲೋವೋಲ್ಟ್). ಎರಡೂ ಸಂಖ್ಯೆಗಳು ಕೆ-ಎಡ್ಜ್‌ಗಿಂತ ಬಹಳ ಮೇಲಿರುವಾಗ ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ? ಉತ್ತರವಿಷ್ಟೇ: 80 ಎಂಬುದು ಫೋಟಾನ್‌ಗಳ (ಎಕ್ಸ್‌-ರೇ ಕಣಗಳ) ಗರಿಷ್ಠ ಶಕ್ತಿಯೇ ಹೊರತು ಸರಾಸರಿಯಲ್ಲ. 80 ಕೆವಿ ಕಿರಣದ ಸರಾಸರಿ ಸುಮಾರು 50 ಕೆಇವಿಯ ಆಸುಪಾಸಿನಲ್ಲಿರುತ್ತದೆ. 140 ಕೆವಿಯದು ಸುಮಾರು 70, ತವರದ ಫಿಲ್ಟರ್ ಹಾಕಿದರೆ ಇನ್ನೂ ಮೇಲೆ. ಕೆ-ಎಡ್ಜ್ ದಾಟಿದ ಮೇಲೆ ಶಕ್ತಿ ಏರಿದಂತೆಲ್ಲ ಅಯೋಡಿನ್‌ನ ಫೋಟೋಎಲೆಕ್ಟ್ರಿಕ್ ಹೀರುವಿಕೆ (ಪರಮಾಣು ಫೋಟಾನನ್ನು ಪೂರ್ತಿ ನುಂಗುವುದು) ಕಡಿದಾಗಿ ಇಳಿಯುತ್ತದೆ. ಮೃದು ಅಂಗಾಂಶ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಾಂದ್ರತೆ ತೋರಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಅಯೋಡಿನ್ 80ರಲ್ಲಿ ಕೊಡುವ ಎಚ್‌ಯು (ಹೌನ್ಸ್‌ಫೀಲ್ಡ್ ಯೂನಿಟ್, ಸಿಟಿಯಲ್ಲಿ ಸಾಂದ್ರತೆಯ ಅಳತೆ), 140ರಲ್ಲಿ ಕೊಡುವುದರ ಎರಡರಷ್ಟು ಎಂದಿಟ್ಟುಕೊಳ್ಳಿ. ಶ್ವಾಸಕೋಶದ ಎರಡು ವಾಕ್ಸೆಲ್‌ಗಳು (ಚಿತ್ರದ ಅತಿ ಚಿಕ್ಕ ಘನ ತುಣುಕುಗಳು) 80ರಲ್ಲಿ -780 ತೋರಿಸುತ್ತವೆ. 140ರಲ್ಲಿ ಮೊದಲನೆಯದು -780 ಆಗಿಯೇ ಉಳಿಯುತ್ತದೆ, ಎರಡನೆಯದು -800ಕ್ಕೆ ಇಳಿಯುತ್ತದೆ. ಮೊದಲನೆಯದರಲ್ಲಿ ಅಯೋಡಿನ್ ಇಲ್ಲ. ಎರಡನೆಯದರಲ್ಲಿ ವ್ಯತ್ಯಾಸ 20. ಅಂದರೆ ಅಯೋಡಿನ್ 80ರಲ್ಲಿ 40, 140ರಲ್ಲಿ 20 ಸೇರಿಸಿದೆ, ಅದನ್ನು ಕಳೆದರೆ ಉಳಿಯುವ ಗಾಳಿ ಮತ್ತು ಅಂಗಾಂಶದ ಮೌಲ್ಯ -820. ಒಂದೇ ಶಕ್ತಿಯ ಸಿಟಿಯಲ್ಲಿ ಒಂದೇ ಬೂದು ಬಣ್ಣದಲ್ಲಿ ಅಡಗಿದ್ದ ಎರಡು ಜಾಗಗಳು ಹೀಗೆ ಬೇರೆಯಾಗುತ್ತವೆ. ಈ ಒಂದು ಕಳೆಯುವ ಲೆಕ್ಕ ಕೈಗೆ ಹತ್ತಿದರೆ ನಕ್ಷೆಯ ಬಣ್ಣಗಳು ತಾವಾಗಿ ಅರ್ಥವಾಗುತ್ತವೆ.

ಆದರೆ ಈ ನಕ್ಷೆ ರಕ್ತದ ಹರಿವನ್ನು ಅಳೆಯುವುದಿಲ್ಲ. ಸ್ಕ್ಯಾನ್ ಆದ ಕ್ಷಣದಲ್ಲಿ ಅಲ್ಲಿದ್ದ ಅಯೋಡಿನ್ ಎಷ್ಟೆಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ನಕ್ಷೆಯೊಂದನ್ನೇ ನಂಬಿ ವರದಿ ಬರೆಯುವುದು ಅಪಾಯಕರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ಲೂರಾದ (ಶ್ವಾಸಕೋಶದ ಹೊರಪೊರೆಯ) ಕಡೆ ಅಗಲವಾಗಿದ್ದು ಒಳಮುಖವಾಗಿ ಕಿರಿದಾಗುವ, ಒಂದು ಸೆಗ್ಮೆಂಟಿನ (ಶ್ವಾಸಕೋಶದ ಒಂದು ವಿಭಾಗದ) ಗಡಿಗೆ ಹೊಂದುವ ಕೊರತೆ ಕಂಡರೆ, ಅದಕ್ಕೆ ರಕ್ತ ಕೊಡುವ ಧಮನಿಯನ್ನು ಹಿಂಬಾಲಿಸಿ ಹೆಪ್ಪನ್ನು ಹುಡುಕಬೇಕು. ಎಂಫಿಸೀಮಾ (ಗಾಳಿಗೂಡುಗಳು ಹಾಳಾದ ಸ್ಥಿತಿ) ಇದ್ದಲ್ಲಿಯೂ ಅಯೋಡಿನ್ ಕಡಿಮೆಯೇ. ಮೇಲಿನ ಮಹಾಸಿರೆಯಲ್ಲಿ ದಟ್ಟವಾಗಿ ನಿಂತ ಕಾಂಟ್ರಾಸ್ಟ್ ಬಲ ಮೇಲ್ಭಾಗದಲ್ಲಿ ಪಟ್ಟೆಗಳನ್ನೆಬ್ಬಿಸಿ ಸುಳ್ಳು ಕೊರತೆ ತೋರಿಸುತ್ತದೆ. ಹೃದಯದ ಬಡಿತ ಎಡ ಕೆಳಭಾಗದಲ್ಲಿ ಅದೇ ಕೆಲಸ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ಧಮನಿಯನ್ನು ಪೂರ್ತಿ ಮುಚ್ಚದ ಹೆಪ್ಪಿದ್ದಾಗ ನಕ್ಷೆ ಸಹಜವಾಗಿಯೇ ಕಾಣಬಹುದು.

ಬಲ ಕುಹರದ ವ್ಯಾಸ ಎಡ ಕುಹರದ್ದಕ್ಕಿಂತ ಹೆಚ್ಚಿದೆಯೇ ಎಂದು ಅಳೆಯುವುದನ್ನು ಮರೆಯಬಾರದು; ಅದು ಹೃದಯದ ಮೇಲಿನ ಹೊರೆಯ ಸೂಚನೆ.

ಉಸಿರಿನ ವಿಷಯವನ್ನು ತಾಂತ್ರಿಕ ಅಧ್ಯಾಯಗಳಷ್ಟೇ ಗಂಭೀರವಾಗಿ ಓದಬೇಕು. ರೋಗಿ ಸ್ಕ್ಯಾನಿಗೆ ಮುಂಚೆ ಜೋರಾಗಿ ಉಸಿರೆಳೆದುಕೊಂಡರೆ ಕೆಳಗಿನ ಮಹಾಸಿರೆಯಿಂದ ಕಾಂಟ್ರಾಸ್ಟ್ ಇಲ್ಲದ ರಕ್ತ ಒಮ್ಮೆಲೇ ನುಗ್ಗಿ ಪಲ್ಮನರಿ ಧಮನಿಯ ಬೆಳ್ಳಗಿನ ಬಣ್ಣ ತಗ್ಗುತ್ತದೆ. ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದ ಹಿರಿಯರಿಗೆ ಯಂತ್ರದ ಹಿಂದಿ ಧ್ವನಿ ಸಾಲದು. ಮೇಜಿನ ಬಳಿ ನಿಂತು, “ಜೋರಾಗಿ ಎಳೀಬ್ಯಾಡ್ರಿ, ದಿನಾ ಎಳದಂಗ ಎಳದು ಹಿಡೀರಿ” ಎಂದು ಹೇಳಿ, ಒಂದು ಸಲ ಮಾಡಿಸಿ ನೋಡಬೇಕು. ಇಷ್ಟಾದರೂ ಕಾಂಟ್ರಾಸ್ಟ್ ಮಸುಕಾದರೆ, ಅದೇ ದತ್ತಾಂಶದಿಂದ 40 ಅಥವಾ 50 ಕೆಇವಿಯ ವರ್ಚುವಲ್ ಮೊನೋಎನರ್ಜೆಟಿಕ್ ಚಿತ್ರ (ಒಂದೇ ಶಕ್ತಿಯ ಕಿರಣದಿಂದ ತೆಗೆದಂತೆ ಲೆಕ್ಕದಿಂದ ಕಟ್ಟಿದ ಚಿತ್ರ) ತೆಗೆದು ನೋಡಬಹುದು: ಶಕ್ತಿ 33.2ರ ಹತ್ತಿರ ಸರಿದಷ್ಟೂ ಅಯೋಡಿನ್ ಹೆಚ್ಚು ಹೊಳೆಯುತ್ತದೆ, ಆದ್ದರಿಂದ ಎಷ್ಟೋ ಬಾರಿ ಮತ್ತೊಮ್ಮೆ ಕಾಂಟ್ರಾಸ್ಟ್ ಕೊಡಬೇಕಾಗುವುದಿಲ್ಲ.