ರೇಡಿಯೇಷನ್ ಮುಗಿದು ತಿಂಗಳುಗಳಾದರೂ ತುರಿಕೆ: ‘ಉಷ್ಣ ಒಳಗೇ ಉಳಿದಿದೆ’ ಅನ್ನುವುದು ನಿಜವೇ?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ ಎದೆ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಹದಿನೈದು ದಿನ ಕರೆಂಟ್ ಕೊಟ್ಟರು. ಅದು ಮುಗಿದು ಐದು ತಿಂಗಳಾಯ್ತು. ಗಾಯ ಏನೂ ಇಲ್ಲ, ಆದ್ರೆ ತುರಿಕೆ ನಿಲ್ತಾ ಇಲ್ಲ. ರಾತ್ರಿ ನಿದ್ದೆ ಮಾಡಲ್ಲ. ಕರೆಂಟಿನ ಉಷ್ಣ ಒಳಗೇ ಉಳಿದಿದೆ, ಹೊರಗೆ ಬರೋವರೆಗೂ ಹೀಗೇ ಅಂತ ಎಲ್ಲರೂ ಹೇಳ್ತಾರೆ. ಉಷ್ಣ ತೆಗೆಯೋಕೆ ಏನು ಕೊಡಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಒಮ್ಮೆ ಬಳ್ಳಾರಿಯಿಂದ ಬರುತ್ತದೆ, ಇನ್ನೊಮ್ಮೆ ಪುತ್ತೂರಿನಿಂದ. ಕೊನೆಯ ಸಾಲು ಮಾತ್ರ ಬದಲಾಗುವುದೇ ಇಲ್ಲ. ಹಾಗಾಗಿ ಈ ಸಲ ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಉಷ್ಣ ತೆಗೆಯಲು ಏನೂ ಕೊಡಬೇಡಿ. ಒಳಗೆ ಉಷ್ಣ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಹದಿನೈದು ದಿನದ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ಒಟ್ಟು 40 ಗ್ರೇ. ಒಂದು ಗ್ರೇ ಅಂದರೆ ಒಂದು ಕಿಲೋ ತೂಕಕ್ಕೆ ಒಂದು ಜೂಲ್ ಶಕ್ತಿ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 4,200 ಜೂಲ್ ಬೇಕು. ನಮ್ಮ ಮೈಯಲ್ಲಿ ಬಹುಪಾಲು ನೀರೇ ಇರುವುದರಿಂದ ಲೆಕ್ಕ ಹೆಚ್ಚುಕಡಿಮೆ ಅದೇ. ಅಂದರೆ ಹದಿನೈದು ದಿನದ್ದನ್ನೂ ಒಟ್ಟಿಗೆ ಸೇರಿಸಿದರೂ ಆ ಜಾಗ ಬಿಸಿಯಾಗುವುದು ಒಂದು ಡಿಗ್ರಿಯ ನೂರರಲ್ಲಿ ಒಂದು ಪಾಲು. ಒಂದು ಲೋಟ ಬಿಸಿ ಕಾಫಿ ಅದಕ್ಕಿಂತ ಜಾಸ್ತಿ ಬಿಸಿಯನ್ನು ಮೈಗೆ ಸೇರಿಸುತ್ತದೆ.

ಹಾಗಾದರೆ ಚರ್ಮ ಬೆಂದ ಹಾಗೆ ಕಪ್ಪಾಗಿದ್ದು ಹೇಗೆ ಅಂತ ಕೇಳುತ್ತೀರಿ. ಈ ಕಿರಣ ಬಿಸಿಯಿಂದ ಕೆಲಸ ಮಾಡುವುದಲ್ಲ. ಜೀವಕೋಶದೊಳಗಿನ ಡಿಎನ್‌ಎಯನ್ನು ತುಂಡರಿಸುತ್ತದೆ. ಕ್ಯಾನ್ಸರ್ ಕೋಶ ಅದನ್ನು ಸರಿಪಡಿಸಿಕೊಳ್ಳಲಾಗದೆ ಸಾಯುತ್ತದೆ. ದಾರಿಯಲ್ಲಿ ಸಿಗುವ ಚರ್ಮಕ್ಕೂ ಪೆಟ್ಟು ಬೀಳುತ್ತದೆ, ಅಲ್ಲಿ ಉರಿಯೂತ ಆಗುತ್ತದೆ. ಆಗ ರಕ್ತ ಜಾಸ್ತಿ ಹರಿದು ಮುಟ್ಟಿದರೆ ಬಿಸಿ ತಾಗುವುದು ನಿಜ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಅದು ಏರಿ, ಆಮೇಲೆ ನಾಲ್ಕರಿಂದ ಆರು ವಾರದಲ್ಲಿ ಇಳಿಯುತ್ತದೆ. ಕಿರಣವಂತೂ ಮಷೀನ್ ಆಫ್ ಆದ ಕ್ಷಣಕ್ಕೇ ಮುಗಿಯಿತು. ಎಕ್ಸ್-ರೇ ತೆಗೆಸಿಕೊಂಡು ಬಂದವರನ್ನು ಯಾರಾದರೂ ದೂರ ಕೂರಿಸುತ್ತಾರಾ? ಇದೂ ಎಕ್ಸ್-ರೇಯೇ, ಶಕ್ತಿ ಬಹಳ ಜಾಸ್ತಿ, ಅಷ್ಟೆ. ಮೊಮ್ಮಗುವನ್ನು ಎತ್ತಿಕೊಳ್ಳಬಾರದು, ಬಸುರಿ ಮಗಳ ಪಕ್ಕ ಮಲಗಬಾರದು ಅನ್ನುವುದೂ ಇದೇ ತಪ್ಪಿನ ಇನ್ನೊಂದು ಕೊಂಬೆ. ಕೆಲವು ದಿನ ಮಕ್ಕಳಿಂದ ದೂರ ಇರಬೇಕಾದವರು ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣದ ಅಯೋಡಿನ್ ತೆಗೆದುಕೊಂಡವರು. ಅದು ಮೈಯೊಳಗೆ ಹೋಗುತ್ತದೆ. ಹೊರಗಿನ ಮಷೀನಿನಿಂದ ಕೊಟ್ಟದ್ದಕ್ಕೆ ಆ ನಿಯಮ ಇಲ್ಲ.

ಇಷ್ಟೊಂದು ಯಾಕೆ ಹೇಳುತ್ತಿದ್ದೇನೆಂದರೆ, ಈ ‘ಉಷ್ಣ’ದ ಹೆಸರಿನಲ್ಲಿ ಹೆಂಗಸರು ಪಡುವ ಪಾಡು ನೋಡಲಾಗುವುದಿಲ್ಲ. ಎಳನೀರು, ಬಾರ್ಲಿ ನೀರು ಕುಡಿಯಲಿ, ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಮೊಟ್ಟೆ ಉಷ್ಣ, ಕೋಳಿ ಉಷ್ಣ, ಬದನೆಕಾಯಿ ನಂಜು ಅಂತ ಒಂದೊಂದೇ ತಟ್ಟೆಯಿಂದ ತೆಗೆಯುತ್ತಾ ಹೋಗಿ, ಕೊನೆಗೆ ಗಂಜಿ ಮತ್ತು ಮಜ್ಜಿಗೆ ಅನ್ನ ಉಳಿಯುತ್ತದೆ. ಚರ್ಮ ಚೇತರಿಸಿಕೊಳ್ಳಲು ಪ್ರೋಟೀನ್ ಬೇಕಾದ ಸಮಯ ಅದು. ಇನ್ನೂ ಕೆಟ್ಟದ್ದೊಂದಿದೆ. ಎದೆಯಿಂದ ಬೆನ್ನಿಗೆ ಪಟ್ಟಿಯ ಹಾಗೆ ಎದ್ದ ನೀರುಗುಳ್ಳೆಗಳನ್ನು ‘ಉಷ್ಣ ಹೊರಗೆ ಬರ್ತಿದೆ, ಒಳ್ಳೇದೇ ಆಯ್ತು’ ಅಂತ ಖುಷಿಪಟ್ಟು ಕೆಮ್ಮಣ್ಣು ಬಳಿದುಕೊಂಡು ಕೂತವರನ್ನು ನೋಡಿದ್ದೇನೆ. ಅದು ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಷ್ಟು ಹೊತ್ತೂ ಮಣ್ಣಿನಲ್ಲೇ ಕಳೆದುಹೋಗಿತ್ತು.

ಸರಿ, ತುರಿಕೆಗೆ ಬರೋಣ. ನಮ್ಮ ಚರ್ಮವನ್ನು ಮೆತ್ತಗೆ ಇಡುವುದು ಅದರೊಳಗಿನ ಎಣ್ಣೆ ಗ್ರಂಥಿಗಳು ಮತ್ತು ಬೆವರು ಗ್ರಂಥಿಗಳು. ಕಿರಣ ಬಿದ್ದ ಜಾಗದಲ್ಲಿ ಅವು ಸೊರಗುತ್ತವೆ. ಮೇಲಿನ ಚರ್ಮ ವಾರಗಳಲ್ಲಿ ಹೊಸದಾಗುತ್ತದೆ. ಗ್ರಂಥಿಗಳಿಗೆ ತಿಂಗಳುಗಳು ಬೇಕು, ಕೆಲವರಲ್ಲಿ ಪೂರ್ತಿ ವಾಪಸ್ ಬರುವುದೇ ಇಲ್ಲ. ಹಾಗಾಗಿ ಗಾಯವಿಲ್ಲದ, ನೋಡಲು ಸರಿಯಾಗಿಯೇ ಇರುವ ಚರ್ಮ ಒಣಗಿ ತುರಿಸುತ್ತದೆ. ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಒಣಗುವುದು ಇನ್ನೂ ಜಾಸ್ತಿಯಾಗಬಹುದು. ಆಪರೇಷನ್‌ನಲ್ಲಿ ಕಂಕುಳ ಹತ್ತಿರದ ನರಕ್ಕೆ ಪೆಟ್ಟಾಗಿದ್ದರೆ ಮುಟ್ಟಿದರೆ ಜೋಮು, ಆದರೂ ತುರಿಕೆ. ಎಷ್ಟು ಕೆರೆದರೂ ಸಮಾಧಾನ ಆಗುವುದಿಲ್ಲ. ಅದು ನರದ ತುರಿಕೆ, ಕ್ರೀಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ಡಾಕ್ಟರಿಗೆ ಹೀಗೇ ಬಿಡಿಸಿ ಹೇಳಿ, ಅದಕ್ಕೆ ಮಾತ್ರೆಗಳು ಬೇರೆ ಇವೆ.

ಒಣ ಚರ್ಮಕ್ಕೆ ಮಾಡಬೇಕಾದದ್ದು ಸರಳ, ಆದರೆ ದಿನಾ ಮಾಡಬೇಕು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ವಾಸನೆಯಿಲ್ಲದ ಸೌಮ್ಯ ಸೋಪು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ತಿಕ್ಕುವುದು ಬೇಡ. ದೀಪಾವಳಿಯ ಎಣ್ಣೆಸ್ನಾನಕ್ಕೂ ಆ ಜಾಗಕ್ಕೆ ಹಬೆಯಾಡುವ ನೀರು ಸುರಿಯಬೇಡಿ. ಜೋಮಿರುವ ಕಡೆ ಸುಟ್ಟರೂ ಗೊತ್ತಾಗುವುದಿಲ್ಲ. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ ಕ್ರೀಮ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ ಹೋಯಿತು. ದುಬಾರಿ ಡಬ್ಬಿ ಬೇಕಿಲ್ಲ. ಲಿಕ್ವಿಡ್ ಪ್ಯಾರಾಫಿನ್, ಗ್ಲಿಸರಿನ್ ಇರುವ ವಾಸನೆಯಿಲ್ಲದ ಕ್ರೀಮ್ ಅಥವಾ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ದಿನಕ್ಕೆ ಎರಡು ಮೂರು ಸಲ. ತುರಿಕೆ ಎದ್ದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಇಡಿ. ಕೆರೆಯುವ ಬದಲು ಅಂಗೈಯಿಂದ ಮೆಲ್ಲಗೆ ತಟ್ಟಿ. ಮನೆಯಲ್ಲಿದ್ದಾಗ ಹತ್ತಿಯ ಬನಿಯನ್ ತಿರುವಿ ಹಾಕಿಕೊಂಡರೆ ಕಂಕುಳ ಹೊಲಿಗೆ ಚರ್ಮಕ್ಕೆ ತಾಗುವುದಿಲ್ಲ. ಎಷ್ಟೋ ಜನರಿಗೆ ಇದೊಂದರಿಂದಲೇ ಹಾಯೆನಿಸಿದೆ. ನಿದ್ದೆಯೇ ಬಾರದಿದ್ದರೆ ರಾತ್ರಿಯ ಅಲರ್ಜಿ ಮಾತ್ರೆ ಅಥವಾ ಕೆಲವು ದಿನಕ್ಕೆ ಸ್ಟೀರಾಯ್ಡ್ ಕ್ರೀಮ್ ಡಾಕ್ಟರೇ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ’ ಅಂತ ಕೇಳಿ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ನೊಂದ ಚರ್ಮ ಇನ್ನೂ ತೆಳುವಾಗುತ್ತದೆ. ಬೇವು, ಅರಿಶಿನ, ತಂಪಿನ ಪೌಡರ್ ಕೂಡ ಕೆಲವರಿಗೆ ತುರಿಕೆ ಹೆಚ್ಚಿಸುತ್ತವೆ.

ತುರಿಕೆ ಬಂದರೆ ಕ್ಯಾನ್ಸರ್ ವಾಪಸ್ ಬಂತು ಅಂತ ಅಲ್ಲ. ಆದರೂ ಕೆಲವಕ್ಕೆ ಕಾಯಬಾರದು. ಜ್ವರದ ಜೊತೆ ಚರ್ಮ ಬಿಸಿಯಾಗಿ ಊದಿಕೊಂಡರೆ ಅವತ್ತೇ ಹೋಗಿ. ಮೊಲೆತೊಟ್ಟಿನ ಮೇಲೆ ಹೊಟ್ಟು ಎದ್ದು ಮಾಯದಿದ್ದರೆ, ಚರ್ಮ ಗಟ್ಟಿಯಾದರೆ, ಏಟು ಬೀಳದೆ ನೇರಳೆ ಕಲೆ ಕಂಡರೆ, ವರ್ಷಗಳ ನಂತರವಾದರೂ ತೋರಿಸಲೇಬೇಕು. ಸ್ತನದ ಕೆಳಗಿನ ಮಡಿಕೆಯಲ್ಲಿ ಮಾತ್ರ ತುರಿಕೆ ಇದ್ದರೆ ಅದು ಬೆವರಿಗೆ ಬಂದ ಫಂಗಸ್ ಇರಬಹುದು, ಮಾಯಿಶ್ಚರೈಸರ್‌ನಿಂದ ಹೋಗುವುದಿಲ್ಲ.

ನೀವು ಕೇಳದ ಒಂದು ಮಾತು. ಅಮ್ಮನಿಗೆ ಬೆನ್ನಿನ ಮೇಲ್ಭಾಗದಲ್ಲೂ, ಹೆಗಲಿನ ಹಿಂದೆ, ತುರಿಕೆ ಇದೆಯಾ ಅಂತ ವಿಚಾರಿಸಿ. ಬಹಳ ಜನ ಅದನ್ನು ಹೇಳುವುದೇ ಇಲ್ಲ. ಎದೆಗೆ ಕೊಟ್ಟ ಚಿಕಿತ್ಸೆಗೂ ಬೆನ್ನಿಗೂ ಏನು ಸಂಬಂಧ ಅಂದುಕೊಳ್ಳುತ್ತಾರೆ. ಸಂಬಂಧ ಇದೆ. ಕೆಲವರಿಗೆ ಎದೆಯ ಜೊತೆ ಕತ್ತಿನ ಬುಡದ ಗಂಟುಗಳಿಗೂ (ದುಗ್ಧಗ್ರಂಥಿಗಳಿಗೂ) ಕೊಟ್ಟಿರುತ್ತಾರೆ. ಮುಂದಿನಿಂದ ಬಿಟ್ಟ ಆ ಕಿರಣ ಅಲ್ಲೇ ನಿಲ್ಲುವುದಿಲ್ಲ, ಹೆಗಲಿನ ಹಿಂದಿನಿಂದ ಆಚೆ ಹೋಗುತ್ತದೆ. ಹೋಗುವಾಗ ಅಲ್ಲಿಯ ಚರ್ಮವನ್ನೂ ಒಣಗಿಸಬಹುದು. ಕೆಲವರ ಬೆನ್ನಿನಲ್ಲಿ ಚೌಕಾಕಾರದ ಕಪ್ಪು ಮಚ್ಚೆಯೂ ಕಾಣುತ್ತದೆ. ಆಪರೇಷನ್ ಆದ ಕಡೆಯ ಕೈ ಎತ್ತುವುದೇ ಕಷ್ಟ, ಹಾಗಾಗಿ ಅವರು ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುತ್ತಾರೆ. ಅಮ್ಮನ ಡಿಸ್ಚಾರ್ಜ್ ಚೀಟಿಯಲ್ಲಿ ರೇಡಿಯೇಷನ್ ವಿವರ ಬರೆದ ಕಡೆ ‘ಎಸ್‌ಸಿಎಫ್’ ಅಂತ ಇದ್ದರೆ ಕತ್ತಿನ ಬುಡಕ್ಕೂ ಕೊಟ್ಟಿದ್ದಾರೆ ಎಂದರ್ಥ. ಹಾಗಿದ್ದರೆ ಇವತ್ತಿನಿಂದ ಬೆನ್ನಿಗೂ ಕ್ರೀಮ್ ಹಚ್ಚಬೇಕು, ಅದನ್ನು ನೀವೇ ಹಚ್ಚಿಕೊಡಿ.