ಫುಲ್ ಅಟೆಂಡೆನ್ಸ್ ಪ್ರೈಜೂ ಮಳೆಗಾಲದ ಜ್ವರವೂ

ಜುಲೈ ತಿಂಗಳ ಒಂದು ಸೋಮವಾರ. ಶಿವಮೊಗ್ಗದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಮಗಳ ಹಣೆ ಮುಟ್ಟಿದರೆ ಬಿಸಿ. "ಅಮ್ಮಾ, ಇವತ್ತು ತಪ್ಪಿದ್ರೆ ಫುಲ್ ಅಟೆಂಡೆನ್ಸ್ ಪ್ರೈಜ್ ಹೋಗುತ್ತೆ" ಅಂತ ಅತ್ತಳು. ಪ್ಯಾರಸಿಟಮಾಲ್ ಸಿರಪ್ ಕುಡಿಸಿ, ರೈನ್‌ಕೋಟ್ ಹಾಕಿ ವ್ಯಾನ್ ಹತ್ತಿಸಿದೆ.

ಹನ್ನೆರಡು ಗಂಟೆಗೆ ಕಾನ್ವೆಂಟಿನಿಂದ ಫೋನ್ ಬಂತು. ಹೋಗಿ ನೋಡಿದರೆ ಬೆಂಚಿಗೆ ತಲೆಯಿಟ್ಟು ಮಲಗಿದ್ದಳು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂದಿನ ಗೋಡೆಯ ಮೊಳೆಗಳಲ್ಲಿ ಒದ್ದೆ ರೈನ್‌ಕೋಟುಗಳು, ಕೆಳಗೆ ನೀರಿನ ಮಡು. ಆ ವಾರ ಮುಗಿಯುವಷ್ಟರಲ್ಲಿ ಅದೇ ಬೆಂಚಿನ ಇನ್ನಿಬ್ಬರು ಜ್ವರ ಬಂದು ಮಲಗಿದರು. ನನ್ನ ಮಗಳಿಂದಲೇ ಅಂಟಿತು ಅಂತ ಖಚಿತವಾಗಿ ಹೇಳಲು ಆಗದು. ಆದರೆ ಆ ಸಿರಪ್ ಬಾಟಲಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ಯಾರಸಿಟಮಾಲ್ ನಾಲ್ಕರಿಂದ ಆರು ಗಂಟೆ ಮೈಬಿಸಿ ಇಳಿಸುತ್ತದೆ, ಅಷ್ಟೇ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಮಗು ಗೆಲುವಾಗಿ ಓಡಾಡುತ್ತದೆ, ನಗುತ್ತದೆ, ಡಬ್ಬಿ ಹಂಚಿಕೊಳ್ಳುತ್ತದೆ, ಜೊತೆಗೆ ವೈರಸ್ಸನ್ನೂ ಹಂಚುತ್ತದೆ. ಫ್ಲೂ ಜ್ವರವನ್ನೇ ತೆಗೆದುಕೊಳ್ಳಿ. ಲಕ್ಷಣ ಕಾಣುವ ಒಂದು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ. ಆಮೇಲೆ ಐದರಿಂದ ಏಳು ದಿನ ಹರಡಬಹುದು, ಮೊದಲ ಮೂರ್ನಾಲ್ಕು ದಿನ ಜಾಸ್ತಿ. ಆ ಮೊದಲ ಒಂದು ದಿನ ನಮ್ಮ ಕೈಯಲ್ಲಿಲ್ಲ. ಮಿಕ್ಕ ದಿನಗಳು ಇವೆ. ಔಷಧಿ ಕೊಡದೆಯೇ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಶಾಲೆ ಎಂದು ವೈದ್ಯರು ಹೇಳುವುದು ಇದಕ್ಕೇ.

ಕಾನ್ವೆಂಟ್ ಶಾಲೆಯಲ್ಲಿ ಇನ್ನೊಂದು ವಿಷಯವಿದೆ. ಮೂರನೇ ಕ್ಲಾಸಿನ ಮಗು ಮತ್ತು ಒಂಬತ್ತನೇ ಕ್ಲಾಸಿನ ಹುಡುಗ ಶಾಲೆಯಲ್ಲಿ ಹತ್ತಿರ ಸೇರುವುದೇ ಅಪರೂಪ. ಆದರೆ ಕ್ಯಾಥೋಲಿಕ್ ಮನೆಗಳ ಮಕ್ಕಳು ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಒಂದೇ ಸಾಲಿನಲ್ಲಿ ಕೂರುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ, ಗಾಯನವೃಂದದಲ್ಲಿ ಮತ್ತೆ ಸೇರುತ್ತಾರೆ. ಒಂದು ಕ್ಲಾಸಿನಲ್ಲಿ ನಿಂತುಹೋಗಬೇಕಾದ ಸೋಂಕಿಗೆ ಇಲ್ಲೊಂದು ಸೇತುವೆ ಸಿಗುತ್ತದೆ. ಸುಮ್ನೆ ಉಸಿರಾಡುವುದಕ್ಕಿಂತ ಮಾತಾಡುವಾಗ, ಅದಕ್ಕಿಂತ ಗಟ್ಟಿಯಾಗಿ ಹಾಡುವಾಗ ಬಾಯಿಂದ ಸಣ್ಣ ಹನಿಗಳು ಜಾಸ್ತಿ ಹೊರಬರುತ್ತವೆ. ಹಾಗಾಗಿ ಕೆಮ್ಮುವ ಮಗುವನ್ನು ಸೋಮವಾರ ಶಾಲೆಗೆ ಕಳಿಸದೆ, ಭಾನುವಾರ ಹಾಡಲು ಕಳಿಸಿದರೆ ಪ್ರಯೋಜನವಿಲ್ಲ.

ಇನ್ನು ಆ ಮುಚ್ಚಿದ ಕಿಟಕಿಗಳು. ಇರಚಲು ಹೊಡೆಯುತ್ತದೆ ಅಂತ ಮಲೆನಾಡಿನಲ್ಲಿ ಮಳೆಗಾಲವಿಡೀ ಕಿಟಕಿ ಹಾಕುತ್ತೇವೆ. ಆಗ ಐವತ್ತು ಮಕ್ಕಳು ಬಿಟ್ಟ ಉಸಿರನ್ನೇ ಐವತ್ತೂ ಮಕ್ಕಳು ಮತ್ತೆ ಎಳೆದುಕೊಳ್ಳುತ್ತಾರೆ. ದಡಾರದ ವೈರಸ್ ಅಂತೂ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಲಸಿಕೆ ಇಲ್ಲದವರ ನಡುವೆ ಒಬ್ಬ ರೋಗಿ 12ರಿಂದ 18 ಜನರಿಗೆ ಅದನ್ನು ಅಂಟಿಸಬಹುದು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ನೆನಪಿರಬೇಕು. ನೆಗಡಿಗೆ ಅಂಥ ಲಸಿಕೆಯಿಲ್ಲ, ಗಾಳಿಯೇ ಗತಿ. ನಮ್ಮ ಹಳೇ ಹೆಂಚಿನ ಕಟ್ಟಡಗಳ ಸೂರು ಅಗಲವಾಗಿರುತ್ತದೆ. ಆ ಕಡೆಯ ಕಿಟಕಿ, ಎದುರಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿಟ್ಟರೂ ಗಾಳಿ ಹಾದುಹೋಗುತ್ತದೆ.

ಕೈ ತೊಳೆಯುವ ವಿಷಯ ಎಲ್ಲರಿಗೂ ಗೊತ್ತು. ಎರಡೇ ಮಾತು ಸೇರಿಸುತ್ತೇನೆ. ವಾಂತಿ-ಭೇದಿ ತರುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಕರಗಿಸುವಂಥ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ ಉಜ್ಜಿ, ನೀರಲ್ಲಿ ಕೊಚ್ಚಿಹೋಗುವಂತೆ ತೊಳೆಯಬೇಕು. ಇನ್ನೊಂದು, ನಲ್ಲಿ ಹತ್ತಿರ ನೇತುಹಾಕುವ ಆ ಒಂದೇ ಟವೆಲ್. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಅಲ್ವಾ? ಪ್ರತಿ ಮಗುವಿನ ಜೇಬಿನಲ್ಲೂ ಒಂದು ಕರವಸ್ತ್ರ ಇರಲಿ.

ಇದೆಲ್ಲ ಹೇಳುವಾಗ ಮಂಗನ ಕಾಯಿಲೆಯ ಮಾತು ಬಂದೇ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಈ ಕಾಯಿಲೆ ಹರಡುವುದು ಉಣ್ಣೆ ಹುಳುವಿನ ಕಡಿತದಿಂದ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮನೆಯಲ್ಲಿ ಯಾರಿಗೋ ಆ ಕಾಯಿಲೆ ಬಂತು ಅಂತ ಮಗುವನ್ನು ಕೊನೆ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದರೆ ಅದು ಅನ್ಯಾಯ.

ಚರ್ಚಿನವರಿಗೆ ಇಂಥ ಎಚ್ಚರ ಹೊಸದಲ್ಲ. 1576ರಲ್ಲಿ ಇಟಲಿಯ ಮಿಲಾನ್‌ಗೆ ಪ್ಲೇಗ್ ಬಂತು. ಅಲ್ಲಿನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಚಾರ್ಲ್ಸ್ ಬೊರೊಮಿಯೊ ಬೀದಿಗಳು ಕೂಡುವಲ್ಲಿ ಬಲಿಪೀಠ ಹಾಕಿಸಿದರು. ಮನೆಯಲ್ಲೇ ಉಳಿದ ಜನ ಕಿಟಕಿಯಿಂದ ಪೂಜೆ ನೋಡಿದರು. ಕೋವಿಡ್ ಕಾಲದಲ್ಲಿ ಚರ್ಚ್ ಬಾಗಿಲಿನ ಪವಿತ್ರ ಜಲದ ಬಟ್ಟಲುಗಳನ್ನು ಖಾಲಿ ಮಾಡಿದ್ದೂ ಇದೇ ಕಾರಣಕ್ಕೆ. ನೂರಾರು ಬೆರಳು ಅದ್ದುವ ನಿಂತ ನೀರು ಅದು.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಕ್ಯಾಥೋಲಿಕರಿಗೆ ಭಾನುವಾರದ ಪೂಜೆ ಕಡ್ಡಾಯ. ಆದರೆ ಚರ್ಚಿನ ಬೋಧನೆಗಳನ್ನು ಒಟ್ಟುಮಾಡಿದ 1992ರ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 2181ನೇ ಪರಿಚ್ಛೇದ ಕಾಯಿಲೆ ಬಿದ್ದವರಿಗೆ, ಹಸುಗೂಸು ನೋಡಿಕೊಳ್ಳುವವರಿಗೆ ವಿನಾಯಿತಿ ಕೊಡುತ್ತದೆ. ದೇವರ ಪೂಜೆಗೇ ಇರುವ ರಿಯಾಯಿತಿ ಗಣಿತದ ಪೀರಿಯಡ್ಡಿಗೆ ಯಾಕಿಲ್ಲ? ಇದನ್ನೇ ಪೋಷಕರ ಸಭೆಯಲ್ಲಿ ಕೇಳಿದೆ. ಜ್ವರದಲ್ಲಿ ಮನೆಯಲ್ಲಿದ್ದ ಮಗು ಪ್ರೈಜ್ ಕಳೆದುಕೊಳ್ಳಬಾರದು ಅಂದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯೋಚನೆ ಮಾಡೋಣ" ಅಂದರು.

ಆಗಸ್ಟಿನಲ್ಲಿ ಮಗಳಿಗೆ ಮತ್ತೆ ಜ್ವರ ಬಂತು. ಫೋನ್ ಮಾಡಿದೆ. "ಮಲಗಿಸಿ ಅಮ್ಮಾ, ನೋಟ್ಸ್ ನಾವು ಕಳಿಸ್ತೀವಿ" ಅಂದರು ಸಿಸ್ಟರ್. ಸಂಜೆ ಅವಳ ಬೆಂಚಿನ ಗೆಳತಿ ಬಂದಳು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟ್‌ಬುಕ್ಕನ್ನು ಜಗಲಿ ಮೇಲಿಟ್ಟು, ಕಿಟಕಿಯತ್ತ ಕೈಬೀಸಿ, ಒಳಗೆ ಬಾರದೆ ಹೊರಟುಹೋದಳು.