ಪೈಥಾನ್‌ನ ವೇಗದಲ್ಲಿ ಕಂಪೈಲರ್‌ನ ಪಾಲೆಷ್ಟು?

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಯೋಗಾಲಯದ ಉಬುಂಟು ಯಂತ್ರದಲ್ಲಿ ಪೈಥಾನ್ ತೆರೆದರೆ, ಪರದೆಯ ಮೊದಲ ಸಾಲುಗಳಲ್ಲೇ ಪೈಥಾನ್‌ನ ಆವೃತ್ತಿಯ ಜೊತೆಗೆ ‘ಜಿಸಿಸಿ 11.4.0’ ಅಥವಾ ‘ಜಿಸಿಸಿ 13.2.0’ ಎಂಬಂಥ ಬರಹವೊಂದು ಕಾಣುತ್ತದೆ. ಆ ಪೈಥಾನ್ ಅನ್ನು ಯಾವ ಕಂಪೈಲರ್ (ನಾವು ಬರೆದ ಕೋಡ್ ಅನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಬದಲಿಸುವ ತಂತ್ರಾಂಶ) ಸಿದ್ಧಪಡಿಸಿತು ಎಂದು ಅದು ಹೇಳುತ್ತದೆ. ವೇಗದ ಮಾತು ಬಂದಾಗ ಈ ಬರಹಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲ.

ನಾವು ಸಾಮಾನ್ಯವಾಗಿ ಬಳಸುವ ಪೈಥಾನ್ ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮ್. ನಮ್ಮ ಪ್ರೋಗ್ರಾಮನ್ನು ಅದು ಮೊದಲು ಬೈಟ್‌ಕೋಡ್ ಎಂಬ ಸಣ್ಣ ಸಣ್ಣ ಆದೇಶಗಳಾಗಿ ಬದಲಿಸಿಕೊಂಡು, ಅವನ್ನು ಒಂದೊಂದಾಗಿ ಓದಿ, ಆಯಾ ಆದೇಶದ ಕೆಲಸ ಮಾಡುವ ಭಾಗಕ್ಕೆ ಜಿಗಿಯುತ್ತದೆ. ಒಂದು ಸಾಧಾರಣ ಲೂಪ್‌ನಲ್ಲೂ ಲಕ್ಷಗಟ್ಟಲೆ ಸಲ ನಡೆಯುವ ಈ ಜಿಗಿತ ಎತ್ತ ಹೋಗಲಿದೆ ಎಂಬುದನ್ನು ಪ್ರೊಸೆಸರ್ ಮುಂಚಿತವಾಗಿ ಊಹಿಸುತ್ತದೆ. ಊಹೆ ತಪ್ಪಿದರೆ ಅದುವರೆಗೆ ಮಾಡಿಟ್ಟ ಕೆಲಸವನ್ನು ಕೈಬಿಟ್ಟು ಮತ್ತೆ ಆರಂಭಿಸಬೇಕಾಗುತ್ತದೆ. ಜಯದೇವ ವೃತ್ತದಲ್ಲಿ ನಿಂತು ಮುಂದಿನ ವಾಹನ ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು ಕಷ್ಟ, ಆದರೆ ಮೆಕ್ಕೆಜೋಳದ ಲಾರಿಗಳಷ್ಟೇ ಓಡಾಡುವ ರಸ್ತೆಯ ಕೊನೆಯಲ್ಲಿ ನಿಂತರೆ ಅವು ಎಪಿಎಂಸಿ ಕಡೆಗೆ ಹೊರಟಿವೆ ಎಂದು ಸುಲಭವಾಗಿ ಹೇಳಬಹುದು. ಹಾಗೆಯೇ ಎಲ್ಲ ಆದೇಶಗಳೂ ಒಂದೇ ಜಾಗದಿಂದ ಜಿಗಿಯುವುದಕ್ಕಿಂತ ಪ್ರತಿ ಆದೇಶದ ಕೊನೆಯಲ್ಲೂ ಪ್ರತ್ಯೇಕ ಜಿಗಿತವಿದ್ದರೆ ಊಹೆ ಸುಲಭ. ಹಿಂದಿನ ಜಿಗಿತಗಳ ಜಾಡನ್ನೂ ನೆನಪಿಡುವ ಈಚಿನ ಪ್ರೊಸೆಸರ್‌ಗಳಲ್ಲಿ ಈ ವ್ಯತ್ಯಾಸ ತಗ್ಗಿದೆಯಾದರೂ ಪೂರ್ತಿ ಅಳಿದಿಲ್ಲ.

ಸಿ ಕೋಡ್‌ನಲ್ಲಿ ಜಿಗಿತಗಳನ್ನು ಬೇರೆ ಬೇರೆಯಾಗಿ ಬರೆದಿದ್ದರೂ ಕ್ಲ್ಯಾಂಗ್ ಕಂಪೈಲರ್ ತನ್ನ ಅನುಕೂಲಕ್ಕಾಗಿ ಮೊದಲು ಅವನ್ನು ಒಂದಾಗಿ ಸೇರಿಸಿ, ಕೊನೆಯ ಹಂತಗಳಲ್ಲಿ ಮತ್ತೆ ಬಿಡಿಸುತ್ತದೆ. ಕೆಲವು ಪ್ರೋಗ್ರಾಮ್‌ಗಳಲ್ಲಿ ಹೀಗೆ ಬಿಡಿಸುವುದಕ್ಕೇ ವಿಪರೀತ ಸಮಯ ಹಿಡಿಯುತ್ತಿದ್ದುದರಿಂದ 2024ರಲ್ಲಿ ಬಂದ 19ನೇ ಆವೃತ್ತಿಯಲ್ಲಿ ಆ ಹಂತಕ್ಕೆ ಮಿತಿ ಹಾಕಲಾಯಿತು. ಬೈಟ್‌ಕೋಡ್ ಆದೇಶಗಳನ್ನು ಓದಿ ನಡೆಸುವ ಪೈಥಾನ್‌ನ ಮುಖ್ಯ ಲೂಪ್ ಆ ಮಿತಿಯನ್ನು ಮೀರಿದ್ದರಿಂದ ಅದರ ಜಿಗಿತಗಳು ಒಂದಾಗಿಯೇ ಉಳಿದವು.

2025ರ ಆರಂಭದಲ್ಲಿ ಪೈಥಾನ್ 3.14ಕ್ಕಾಗಿ, ಪ್ರತಿ ಆದೇಶವನ್ನೂ ಪ್ರತ್ಯೇಕ ಫಂಕ್ಷನ್ ಆಗಿಸಿದ ಹೊಸ ಇಂಟರ್‌ಪ್ರಿಟರ್ ಸಿದ್ಧವಾಯಿತು. ಅದು ಸರಾಸರಿ 9ರಿಂದ 15 ಶೇಕಡಾ ವೇಗ ತರುತ್ತದೆ ಎಂದು ಮೊದಲು ಪ್ರಕಟವಾಯಿತು. ಆದರೆ ಹೋಲಿಕೆಗೆ ಇಟ್ಟುಕೊಂಡಿದ್ದ ಹಳೆಯ ವಿನ್ಯಾಸವನ್ನು ಕ್ಲ್ಯಾಂಗ್ 19 ನಿಧಾನಗೊಳಿಸಿತ್ತೆಂದು ಸಾಫ್ಟ್‌ವೇರ್ ಎಂಜಿನಿಯರ್ ನೆಲ್ಸನ್ ಎಲ್ಹೇಜ್ ಮಾರ್ಚ್‌ನಲ್ಲಿ ತೋರಿಸಿದರು. ಕ್ಲ್ಯಾಂಗ್ 18 ಅಥವಾ ಜಿಸಿಸಿಯಿಂದ ಸಿದ್ಧವಾದ ಹಳೆಯ ವಿನ್ಯಾಸದ ಎದುರಿಟ್ಟಾಗ ಲಾಭ 1ರಿಂದ 5 ಶೇಕಡಾಕ್ಕೆ ಇಳಿಯಿತು. ಪೈಥಾನ್ ತಂಡ ತನ್ನ ದಾಖಲೆಯನ್ನು ತಿದ್ದಿ, ಮೊದಲಿನ ಅಂಕಿಗಳನ್ನು ಬಹಿರಂಗವಾಗಿ ಹಿಂತೆಗೆದುಕೊಂಡ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು. ಕ್ಲ್ಯಾಂಗ್‌ನ ದೋಷ 20ನೇ ಆವೃತ್ತಿಯಲ್ಲಿ ಸರಿಹೋಯಿತು.

ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಪೈಥಾನ್‌ನ ಎರಡು ಆವೃತ್ತಿಗಳ ವೇಗವನ್ನು ಹೋಲಿಸುವ ಕೋಷ್ಟಕವಿದ್ದರೆ, ಪ್ರೊಸೆಸರ್‌ನ ಹೆಸರಿನ ಪಕ್ಕದಲ್ಲಿ ಕಂಪೈಲರ್‌ನ ಹೆಸರು ಮತ್ತು ಆವೃತ್ತಿಯೂ ಇರಲೇಬೇಕು. ಸಾಧ್ಯವಾದರೆ ಎರಡನ್ನೂ ಒಂದೇ ಕಂಪೈಲರ್‌ನಿಂದ, ಒಂದೇ ಬಗೆಯ ಆಯ್ಕೆಗಳೊಂದಿಗೆ ಸಿದ್ಧಪಡಿಸಿ, ಬಳಿಕ ಬೇರೊಂದು ಕಂಪೈಲರ್‌ನಿಂದಲೂ ಅದೇ ಅಳತೆಯನ್ನು ಮತ್ತೆ ಮಾಡಿ ನೋಡಬೇಕು.